ಜುತ್ತೆ: ಜಪಾನಿನ ಹಳೇ ಪೊಲೀಸರ ಕೊಕ್ಕೆ ಸರಳು, ಪದೇ ಪದೇ ಕೇಳುವ ಪ್ರಶ್ನೆಗಳು

ಜುತ್ತೆ ಅಂದ್ರೆ ಏನು?

ಒಂದು ಕಬ್ಬಿಣದ ಸರಳು. ಅಲಗಿಲ್ಲ, ಚೂಪಾದ ಮೊನೆಯೂ ಇಲ್ಲ. ಹಿಡಿಗಿಂತ ಸ್ವಲ್ಪ ಮೇಲೆ, ಪಕ್ಕಕ್ಕೆ ಒಂದು ಪುಟ್ಟ ಕೊಕ್ಕೆ. ಹಿಡಿಯ ಬುಡದಲ್ಲಿ ಒಂದು ಬಳೆ, ಬಳೆಗೆ ಹುರಿ, ಹುರಿಯ ತುದಿಗೆ ಕುಚ್ಚು. ಇಷ್ಟೇ. ನಾನು ಮೊದಲ ಸಲ ಇದರ ಚಿತ್ರ ನೋಡಿದಾಗ ಯಾವುದೋ ಹಳೇ ಮನೆಯ ಬಾಗಿಲ ಅಗುಳಿ ಅಂದುಕೊಂಡಿದ್ದೆ.

ಜಪಾನಿನಲ್ಲಿ 1603ರಿಂದ 1868ರವರೆಗೆ ತೋಕುಗಾವಾ ಮನೆತನದ ಶೋಗನ್‌ಗಳ ಆಳ್ವಿಕೆ ಇತ್ತು. ಶೋಗನ್ ಅಂದರೆ ದೇಶ ಆಳುವ ಸೇನಾಧಿಪತಿ. ಅವರ ರಾಜಧಾನಿ ಎಡೋ, ಅಂದರೆ ಇವತ್ತಿನ ಟೋಕಿಯೋ. ಆ ಊರಿನ ಪೊಲೀಸರು ಕಳ್ಳಕಾಕರನ್ನು ಹಿಡಿಯಲು ಹೋಗುವಾಗ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದ ಸಾಮಾನು ಇದು.

ಜುತ್ತೆಯೋ, ಜಿತ್ತೆಯೋ? ಯಾವುದು ಸರಿ?

ಎರಡೂ ಸರಿ. ಬರೆಯುವ ಅಕ್ಷರ ಒಂದೇ, ಓದುವ ಬಗೆ ಎರಡು. ಆ ಎರಡು ಅಕ್ಷರಗಳ ಅರ್ಥ ‘ಹತ್ತು’ ಮತ್ತು ‘ಕೈ’. ಹತ್ತು ಕೈಗಳಷ್ಟು ಕೆಲಸ ಮಾಡುತ್ತದೆ ಅಂತ ಈ ಹೆಸರು ಬಂತು ಅಂತ ಜನ ವಿವರಿಸುತ್ತಾರೆ. ಹೆಸರಿಗೆ ಆಮೇಲೆ ಕಥೆ ಹೊಸೆಯುವುದು ಎಲ್ಲ ಊರಲ್ಲೂ ಇದ್ದದ್ದೇ, ಆದ್ದರಿಂದ ನಾನು ಇದನ್ನು ತುಂಬಾ ಗಟ್ಟಿಯಾಗಿ ಹಿಡಿದುಕೊಳ್ಳುವುದಿಲ್ಲ. ಈ ಪುಟದಲ್ಲಿ ಜುತ್ತೆ ಅಂತಲೇ ಬರೆಯುತ್ತೇನೆ.

ಇದು ಯಾರ ಕೈಯಲ್ಲಿ ಇರುತ್ತಿತ್ತು?

ಎಡೋ ಊರಿನ ಪೇಟೆ ಜನರ ಮೇಲೆ ಅಧಿಕಾರ ಇದ್ದದ್ದು ‘ಮಾಚಿ ಬುಗ್ಯೋ’ ಅನ್ನುವ ಅಧಿಕಾರಿಗೆ. ಒಬ್ಬನೇ ಮನುಷ್ಯ ಮೇಯರ್, ಜಡ್ಜ್, ಪೊಲೀಸ್ ಕಮಿಷನರ್ ಮೂರೂ ಆಗಿದ್ದ ಹಾಗೆ. ಅಂಥ ಕಚೇರಿ ಎರಡಿದ್ದವು. ಒಂದು ಉತ್ತರದ್ದು, ಒಂದು ದಕ್ಷಿಣದ್ದು. ಇದು ಊರನ್ನು ಭಾಗ ಮಾಡಿಕೊಂಡದ್ದಲ್ಲ, ಕಚೇರಿ ಎಲ್ಲಿತ್ತು ಅನ್ನುವುದರಿಂದ ಬಂದ ಹೆಸರು. ಒಂದು ತಿಂಗಳು ಇವರು ಹೊಸ ದೂರು ತಗೊಂಡರೆ ಮುಂದಿನ ತಿಂಗಳು ಅವರು.

ಒಂದೊಂದು ಕಚೇರಿಯಲ್ಲಿ 25 ಮಂದಿ ‘ಯೊರಿಕಿ’ಗಳು, ಅವರ ಕೈಕೆಳಗೆ ನೂರಕ್ಕೂ ಮೇಲ್ಪಟ್ಟು ‘ದೋಶಿನ್’ಗಳು ಇದ್ದರು. ಯೊರಿಕಿ ಅಂದರೆ ನಮ್ಮ ಇನ್‌ಸ್ಪೆಕ್ಟರ್ ಅಂದುಕೊಳ್ಳಿ, ದೋಶಿನ್ ಅಂದರೆ ದಫೇದಾರ. ಇವರೆಲ್ಲ ಹತ್ಚೋಬೋರಿ ಅನ್ನುವ ಒಂದೇ ಬಡಾವಣೆಯಲ್ಲಿ ವಾಸ, ಪೊಲೀಸ್ ಕ್ವಾರ್ಟರ್ಸ್ ಇದ್ದ ಹಾಗೆ. ಹುಟ್ಟಿನಿಂದ ಯೋಧ ವರ್ಗದ ಸಮುರಾಯ್‌ಗಳೇ ಆದರೂ ಕೆಳದರ್ಜೆಯವರು.

ಇಷ್ಟು ಜನರಲ್ಲಿ ಬೀದಿ ಸುತ್ತಿ ಅಪರಾಧ ಪತ್ತೆ ಮಾಡುವವರು ಎಷ್ಟು ಗೊತ್ತಾ? ಎರಡೂ ಕಚೇರಿ ಸೇರಿಸಿದರೆ ಮೂವತ್ತಕ್ಕಿಂತ ಕಡಿಮೆ. ಉಳಿದವರೆಲ್ಲ ಕಡತ, ಜೈಲು, ಸೇತುವೆ, ಸಂತೆ ನೋಡಿಕೊಳ್ಳುವವರು. 18ನೇ ಶತಮಾನದ ಎಡೋದಲ್ಲಿ ಸುಮಾರು ಹತ್ತು ಲಕ್ಷ ಜನ ಇದ್ದರು, ಅದರಲ್ಲಿ ಅರ್ಧದಷ್ಟು ಪೇಟೆ ಜನ. ಅಷ್ಟು ಜನಕ್ಕೆ ಮೂವತ್ತು ಮಂದಿಯೂ ಇಲ್ಲ! ಈ ಲೆಕ್ಕ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಸಮುರಾಯ್‌ಗಳ ಹತ್ತಿರ ಒಳ್ಳೇ ಕತ್ತಿಯೇ ಇತ್ತಲ್ಲ. ಈ ಮೊಂಡು ಸರಳು ಯಾಕೆ ಬೇಕಿತ್ತು?

ಹೆಚ್ಚು ಜನ ಕೇಳುವ ಪ್ರಶ್ನೆ ಇದು. ‘ಎಷ್ಟು ದಯಾಳು ಪೊಲೀಸರು, ಪ್ರಾಣ ತೆಗೆಯದ ಆಯುಧ ಮಾಡಿಕೊಂಡಿದ್ದರು’ ಅಂತ ಹೊಗಳುವವರೂ ಇದ್ದಾರೆ. ದಯೆಗೂ ಇದಕ್ಕೂ ಸಂಬಂಧ ಕಡಿಮೆ.

ಆ ಕಾಲದ ನ್ಯಾಯದಲ್ಲಿ ಆರೋಪಿಯ ತಪ್ಪೊಪ್ಪಿಗೆಯೇ ಮುಖ್ಯ. ಸಾಕ್ಷಿ ಎಷ್ಟೇ ಇರಲಿ, ‘ಹೌದು, ನಾನೇ ಮಾಡಿದೆ’ ಅಂತ ಅವನ ಬಾಯಿಂದ ಬರಬೇಕು, ಕಾಗದದ ಮೇಲೆ ಅವನ ಗುರುತು ಬೀಳಬೇಕು. ಆಮೇಲೇ ಶಿಕ್ಷೆ. 1742ರಲ್ಲಿ ಶೋಗನ್ ಯೋಶಿಮುನೆ ಮಾಡಿಸಿದ ಕಾನೂನು ಸಂಗ್ರಹದ ನಂತರವೂ ಈ ರೂಢಿ ಹಾಗೇ ಮುಂದುವರಿಯಿತು. ಹೆಣ ತಪ್ಪೊಪ್ಪಿಕೊಳ್ಳುವುದಿಲ್ಲ, ಅಲ್ವಾ? ಜೊತೆಗಾರರ ಹೆಸರು ಹೇಳುವುದಿಲ್ಲ, ಕದ್ದ ಮಾಲು ಎಲ್ಲಿದೆ ಅಂತ ತೋರಿಸುವುದಿಲ್ಲ. ಅದಕ್ಕೇ ಆಸಾಮಿಯನ್ನು ಜೀವಂತ ಹಿಡಿದು ತರಬೇಕಿತ್ತು.

ತಂದ ಮೇಲೆ ಏನಾಗುತ್ತಿತ್ತು ಅನ್ನುವುದು ಬೇರೆ ಕಥೆ. ಬಾಯಿ ಬಿಡದವನನ್ನು ಏಣೇಣಾಗಿ ಕೆತ್ತಿದ ಮರದ ದಿಮ್ಮಿಗಳ ಮೇಲೆ ಮಂಡಿಯೂರಿಸಿ, ತೊಡೆಯ ಮೇಲೆ ಕಲ್ಲಿನ ಚಪ್ಪಡಿ ಹೇರುತ್ತಿದ್ದರು. ಅದಕ್ಕೂ ಬಗ್ಗದಿದ್ದರೆ ಕಟ್ಟಿ ನೇತುಹಾಕುವುದೂ ಇತ್ತು. ಇಂಥ ಹಿಂಸೆಯನ್ನು ಜಪಾನ್ ಕಾನೂನಿನಿಂದ ತೆಗೆದುಹಾಕಿದ್ದು 1879ರಲ್ಲಿ. ಹಾಗಾಗಿ ಜುತ್ತೆ ಉಳಿಸಿದ ಜೀವವೆಲ್ಲ ಸುಖವಾಗಿ ಮನೆಗೆ ಹೋಯಿತು ಅಂತೇನಲ್ಲ.

ಇನ್ನೊಂದು ಮಾತು. ದೋಶಿನ್‌ಗಳು ದಾಳಿಗೆ ಹೊರಟಾಗ ಕತ್ತಿಯನ್ನೂ ಒಯ್ಯುತ್ತಿದ್ದರು. ಆದರೆ ಅದು ಬೇಕೆಂದೇ ಅಲಗು ತೆಗೆದು ಮೊಂಡು ಮಾಡಿದ ಕತ್ತಿ! ಆಸಾಮಿ ಸಾಯಬಾರದು ಅನ್ನುವ ಚಿಂತೆ ಎಷ್ಟಿತ್ತು ಅಂತ ಇದರಿಂದಲೇ ತಿಳಿಯುತ್ತದೆ.

ಇದರ ಭಾಗಗಳು ಯಾವುವು? ಹೇಗೆ ಮಾಡುತ್ತಿದ್ದರು?

ಉದ್ದನೆಯ ಸರಳಿಗೆ ‘ಬೋಶಿನ್’ ಅನ್ನುತ್ತಾರೆ. ಕೆಲವು ದುಂಡಗೆ, ಕೆಲವು ಚೌಕ, ಕೆಲವಕ್ಕೆ ಆರು ಇಲ್ಲವೇ ಎಂಟು ಮುಖ. ಮುಖಗಳಿದ್ದರೆ ಏಣು ಮೂಳೆಗೆ ಚೆನ್ನಾಗಿ ತಾಗುತ್ತದೆ. ಮಣಿಕಟ್ಟಿನ ಮೇಲೆ ಒಂದು ಬಿದ್ದರೆ ಸಾಕು, ಕೈಯಲ್ಲಿದ್ದ ಚಾಕು ಕೆಳಗೆ. ಸಾಮಾನ್ಯ ಉದ್ದ 30ರಿಂದ 60 ಸೆಂಟಿಮೀಟರ್, ಅಂದರೆ ಒಂದೂಕಾಲು ಗೇಣಿನಿಂದ ಎರಡೂವರೆ ಗೇಣು. ದಾಳಿಗೆ ಉದ್ದನೆಯದು, ದಿನನಿತ್ಯಕ್ಕೆ ಗಿಡ್ಡದು.

ತೂಕ ಎಷ್ಟಿರಬಹುದು ಅಂತ ಕೈಗೆ ತಿಳಿಯಬೇಕೇ? ಮನೆ ಕಟ್ಟುವ ಕಡೆ ಹೋಗಿ 12 ಎಂಎಂ ಕಂಬಿಯ ಒಂದೂವರೆ ಅಡಿ ತುಂಡು ಎತ್ತಿ ನೋಡಿ. ಸುಮಾರು 400 ಗ್ರಾಂ ಇರುತ್ತದೆ. ಎತ್ತುವಾಗ ಇಷ್ಟೇನಾ ಅನ್ನಿಸುತ್ತದೆ. ಬೀಸಿ ನೋಡಿದರೆ ಆ ಮಾತು ಬರುವುದಿಲ್ಲ.

ಕೊಕ್ಕೆಯ ಹೆಸರು ‘ಕಾಗಿ’. ಎಷ್ಟೋ ಜುತ್ತೆಗಳಲ್ಲಿ ಸರಳಿಗೆ ತೂತು ಕೊರೆದು, ಕೊಕ್ಕೆಯ ಬಾಲವನ್ನು ಅದರೊಳಗೆ ತೂರಿಸಿ, ಆಚೆ ಬದಿಯಲ್ಲಿ ಬಡಿದು ಕೂರಿಸಿರುತ್ತಾರೆ. ಗುದ್ದಲಿಗೆ ಕಾವು ಹಾಕಿ ಬೆಣೆ ಹೊಡೆಯುವಾಗ ಇರುವ ಯೋಚನೆಯೇ ಇಲ್ಲೂ ಇದೆ: ಎಳೆತ ಬಿದ್ದಾಗ ಕಳಚಬಾರದು. ಕೆಲವದರಲ್ಲಿ ಆ ಜಾಗಕ್ಕೆ ಸೇವಂತಿಗೆ ಹೂವಿನ ಆಕಾರದ ಚಿಕ್ಕ ತಗಡು ಇಟ್ಟು ಅಂದ ಮಾಡಿರುತ್ತಾರೆ.

ಹಿಡಿಗೆ ‘ತ್ಸುಕಾ’ ಅಂತ ಹೆಸರು. ಹುರಿ, ತೊಗಲು, ಬೆತ್ತ ಏನನ್ನಾದರೂ ಸುತ್ತುತ್ತಿದ್ದರು. ಕೆಲವರು ಏನೂ ಸುತ್ತದೆ ಬರೀ ಕಬ್ಬಿಣವೇ ಇಟ್ಟುಕೊಂಡರು. ಬುಡದ ಬಳೆ ‘ಕಾನ್’, ಕುಚ್ಚು ‘ಫುಸಾ’.

ಮೇಲ್ದರ್ಜೆಯವರ ಜುತ್ತೆಗೆ ಬೆಳ್ಳಿ ಲೇಪ, ಕೆತ್ತನೆ ಎಲ್ಲ ಇರುತ್ತಿತ್ತು. ಕತ್ತಿಯ ಹಾಗೆ ಒರೆ ಮಾಡಿಸಿಕೊಂಡವರೂ ಇದ್ದರು. ಹೊರಗಿನಿಂದ ನೋಡಿದರೆ ಗಿಡ್ಡ ಕತ್ತಿ, ಎಳೆದರೆ ಮೊಂಡು ಸರಳು. ಕೊಕ್ಕೆ ಇಲ್ಲದ ಜುತ್ತೆಗಳಿವೆ, ಮಡಚುವ ಕೊಕ್ಕೆಯವೂ ಇವೆ. ಒಂದೇ ನಮೂನೆ ಅಂತ ಸರಕಾರ ಎಲ್ಲೂ ಕಟ್ಟುನಿಟ್ಟು ಮಾಡಿರಲಿಲ್ಲ. ಊರೂರಿಗೂ ಕಮ್ಮಾರನ ಕೈ ಬೇರೆ.

ಆ ಕೊಕ್ಕೆಯಿಂದ ಕತ್ತಿಯನ್ನು ಹಿಡಿದು ಮುರಿಯುತ್ತಿದ್ದರಂತೆ, ನಿಜಾನಾ?

ಮುರಿಯುವುದು ಸಿನಿಮಾದ ಮಾತು. ಹಿಡಿಯುವುದು ಸ್ವಲ್ಪ ನಿಜ, ಆದರೆ ಜನ ಅಂದುಕೊಂಡ ಹಾಗಲ್ಲ.

ಕತ್ತಿ ಮೇಲಿನಿಂದ ಬೀಸಿ ಬರುತ್ತಿದೆ ಅಂದುಕೊಳ್ಳಿ. ಎರಡು ಬೆರಳು ಅಗಲವೂ ಇಲ್ಲದ ಕೊಕ್ಕೆ ಸಂದಿಯೊಳಗೆ ಅದನ್ನು ಗುರಿ ಇಟ್ಟು ಹಿಡಿಯುತ್ತೇನೆ ಅಂತ ನಿಂತರೆ ಬೆರಳು ಹೋಗುತ್ತದೆ. ಜುತ್ತೆ ಹಿಡಿದವನು ಮೊದಲು ಮಾಡಬೇಕಾದದ್ದು ಜಾಗ ಬಿಡುವುದು, ಇಲ್ಲವೇ ಒಳಕ್ಕೆ ನುಗ್ಗುವುದು. ಕತ್ತಿಯ ಬಲವೆಲ್ಲ ತುದಿಯ ಕಡೆ. ಹಿಡಿಯ ಹತ್ತಿರಕ್ಕೆ ಹೋದಷ್ಟೂ ಅದು ಸಪ್ಪೆ. ಬರುವ ಏಟಿಗೆ ಸರಳನ್ನು ಓರೆಯಾಗಿ ಕೊಟ್ಟು ಪಕ್ಕಕ್ಕೆ ಜಾರಿಸುತ್ತಾರೆ. ಜಾರಿಕೊಂಡು ಕೆಳಗೆ ಬರುವ ಅಲಗು ಕೈಗೆ ತಾಗುವ ಮುಂಚೆ ಕೊಕ್ಕೆಗೆ ಬಂದು ನಿಲ್ಲುತ್ತದೆ. ಅಂದರೆ ಕೊಕ್ಕೆಯ ಮೊದಲ ಕೆಲಸ ಕೈ ಕಾಯುವುದು.

ಅಲಗು ಅಲ್ಲಿ ಸಿಕ್ಕಿದ ಆ ಒಂದು ಗಳಿಗೆಯಲ್ಲಿ ಮಣಿಕಟ್ಟು ತಿರುಗಿಸಿದರೆ ಸನ್ನೆಕೋಲಿನ ಹಾಗೆ ಆಗುತ್ತದೆ. ಸರಳು ಮತ್ತು ಕೊಕ್ಕೆ ಅಲಗನ್ನು ಎರಡು ಬದಿಯಿಂದ ಒತ್ತಿ ಹಿಡಿಯುತ್ತವೆ. ಎದುರಾಳಿ ಕತ್ತಿ ಎಳೆದುಕೊಳ್ಳಲು ಒಂದು ಕ್ಷಣ ತಡಕಾಡುತ್ತಾನೆ. ಆ ಒಂದು ಕ್ಷಣ ಸಾಕು. ಎಡಗೈಯಿಂದ ಅವನ ಕೈ ಹಿಡಿಯಬಹುದು, ಕಾಲು ಕೊಟ್ಟು ಬೀಳಿಸಬಹುದು. ಇಲ್ಲದಿದ್ದರೆ ಹಿಂದಿನಿಂದ ಬಂದ ಇಬ್ಬರು ಮೇಲೆ ಬೀಳುತ್ತಾರೆ.

ನನ್ನ ಅಭಿಪ್ರಾಯ ಕೇಳಿದರೆ, ಕೊಕ್ಕೆ ಕತ್ತಿಗಿಂತ ಜಾಸ್ತಿ ಕೆಲಸಕ್ಕೆ ಬಂದಿದ್ದು ಬಟ್ಟೆಯ ಮೇಲೆ. ಕಿಮೋನೋ ಅಂದರೆ ದೊಗಳೆ ತೋಳು, ಅಗಲ ಕೊರಳಪಟ್ಟಿ, ಸೊಂಟಪಟ್ಟಿ. ಓಡುವವನನ್ನು ಹಿಂದಿನಿಂದ ಸಿಕ್ಕಿಸಿ ಎಳೆಯಲು ಇಷ್ಟು ಅನುಕೂಲದ ಉಡುಪು ಬೇರೆ ಇಲ್ಲ. ಬೆರಳು, ಮಣಿಕಟ್ಟಿಗೂ ಕೊಕ್ಕೆ ಹಾಕಿ ತಿರುಚಬಹುದು. ಇವೆಲ್ಲ ಆದ ಮೇಲೆ ಜುತ್ತೆ ಸೊಂಟದಿಂದ ಜಾರದಂತೆ ಸಿಕ್ಕಿಸಿಕೊಳ್ಳಲಿಕ್ಕೂ ಅದೇ ಕೊಕ್ಕೆ.

ಅಷ್ಟಕ್ಕೂ ಉದ್ದ ಕತ್ತಿ ಎದುರಾಗುತ್ತಿದ್ದದ್ದೇ ಕಡಿಮೆ. ಉದ್ದ ಕತ್ತಿ ಧರಿಸುವ ಹಕ್ಕು ಸಮುರಾಯ್‌ಗಳದ್ದು, ಯಾವುದೋ ದೊರೆಯ ಸೇವೆಯಲ್ಲಿರುವ ಸಮುರಾಯ್ ತಪ್ಪು ಮಾಡಿದರೆ ವಿಚಾರಣೆ ಅವನ ದೊರೆಯ ಕಡೆಯವರದ್ದು. ದೋಶಿನ್‌ಗೆ ಸಿಗುತ್ತಿದ್ದವರು ಜೂಜುಕೋರರು, ಕನ್ನ ಹಾಕುವವರು, ಯಜಮಾನನಿಲ್ಲದ ಅಲೆಮಾರಿ ಸಮುರಾಯ್‌ಗಳು, ಕುಡಿದು ಚಾಕು ತೆಗೆದವರು.

ಒಬ್ಬನೇ ಜುತ್ತೆ ಹಿಡಿದು ನುಗ್ಗುತ್ತಿದ್ದನಾ?

ಟಿವಿಯಲ್ಲಿ ಹಾಗೇ. ನಿಜವಾಗಿ ಗುಂಪಾಗಿ ಹೋಗುತ್ತಿದ್ದರು. ಗುಂಪಿನ ಕೈಯಲ್ಲಿ ಉದ್ದ ಕೋಲಿನ ಮೂರು ಸಾಧನಗಳು ಇರುತ್ತಿದ್ದವು. ‘ಸಸುಮಾತಾ’ ಕವೆಗೋಲಿನಂಥದ್ದು, ಕುತ್ತಿಗೆಗೋ ಸೊಂಟಕ್ಕೋ ಕೊಟ್ಟು ಗೋಡೆಗೆ ಒತ್ತಲಿಕ್ಕೆ. ‘ತ್ಸುಕುಬೋ’ಗೆ ಅಡ್ಡಪಟ್ಟಿಯಂಥ ತಲೆ, ಅದರ ತುಂಬಾ ಹಲ್ಲು, ತಳ್ಳಲಿಕ್ಕೆ. ‘ಸೋದೆಗರಾಮಿ’ ಅಂದರೆ ‘ತೋಳು ಸಿಕ್ಕಿಸುವುದು’ ಅಂತಲೇ ಅರ್ಥ, ಮುಳ್ಳುಮುಳ್ಳಾದ ತುದಿಯಿಂದ ಬಟ್ಟೆಯನ್ನು ಸುತ್ತಿಕೊಳ್ಳಲಿಕ್ಕೆ. ಕೈಯಿಂದ ಹಿಡಿದು ಕಿತ್ತುಕೊಳ್ಳಬಾರದು ಅಂತ ಕೋಲಿನ ಮೇಲ್ಭಾಗಕ್ಕೂ ಮುಳ್ಳು ಬಡಿದಿರುತ್ತಿದ್ದರು. ಜೊತೆಗೆ ಏಣಿ. ಏಣಿ ಯಾಕೆ ಅಂದರೆ, ನಾಲ್ಕು ಕಡೆಯಿಂದ ಏಣಿ ಅಡ್ಡ ಹಿಡಿದು ಸುತ್ತುವರಿದರೆ ಎಂಥ ಕತ್ತಿಗಾರನಾದರೂ ಬೋನಿಗೆ ಬಿದ್ದ ಹಾಗೆ. ಕೊನೆಗೆ ಹಗ್ಗ. ಕೈದಿಯನ್ನು ಹಗ್ಗದಲ್ಲಿ ಕಟ್ಟುವುದೇ ಒಂದು ದೊಡ್ಡ ವಿದ್ಯೆ, ಅದಕ್ಕೆ ‘ಹೋಜೋಜುತ್ಸು’ ಅಂತ ಹೆಸರು.

ಮೂರರಲ್ಲಿ ಸಸುಮಾತಾ ಇವತ್ತಿಗೂ ಬದುಕಿದೆ. 2001ರಲ್ಲಿ ಒಸಾಕಾ ಪ್ರಾಂತ್ಯದ ಇಕೇದಾದಲ್ಲಿ ಒಬ್ಬ ಪ್ರಾಥಮಿಕ ಶಾಲೆಗೆ ನುಗ್ಗಿ ಎಂಟು ಮಕ್ಕಳನ್ನು ಚಾಕುವಿನಿಂದ ಕೊಂದ. ಆಮೇಲೆ ದೇಶದ ಎಷ್ಟೋ ಶಾಲೆಗಳು ಅಲ್ಯೂಮಿನಿಯಂ ಸಸುಮಾತಾ ತಂದು ಇಟ್ಟುಕೊಂಡವು. ಮೇಷ್ಟ್ರು, ಮೇಡಂಗಳು ಅದನ್ನು ಹಿಡಿದು ಅಭ್ಯಾಸ ಮಾಡುತ್ತಾರೆ. 2023ರ ನವೆಂಬರ್‌ನಲ್ಲಿ ಟೋಕಿಯೋದ ಉಎನೋದಲ್ಲಿ ಒಡವೆ ಅಂಗಡಿಗೆ ಬಂದ ದರೋಡೆಕೋರರನ್ನು ಅಂಗಡಿಯವರೊಬ್ಬರು ಸಸುಮಾತಾ ಬೀಸಿ ಓಡಿಸಿದ ವಿಡಿಯೋ ನಿಮ್ಮ ಮೊಬೈಲಿಗೂ ಬಂದಿರಬಹುದು.

ಕುಚ್ಚಿನ ಬಣ್ಣಕ್ಕೆ ಅರ್ಥ ಇದೆಯಾ?

ಇದೆ. ಎಡೋ ಊರಿನ ಪೊಲೀಸರದ್ದು ಕೆಂಪು ಕುಚ್ಚು. ಆದರೆ ಬಣ್ಣ, ದರ್ಜೆ ಅಂತ ಪಟ್ಟಿ ಮಾಡಿದ ಚಾರ್ಟುಗಳು ಅಂತರ್ಜಾಲದಲ್ಲಿ ಓಡಾಡುತ್ತಿವೆ, ಅವನ್ನು ಪೂರ್ತಿ ನಂಬಬೇಡಿ. ಊರಿಂದ ಊರಿಗೆ ರೂಢಿ ಬದಲಾಗುತ್ತಿತ್ತು. ಅದೂ ಅಲ್ಲದೆ ಇವತ್ತು ಕೈಗೆ ಸಿಗುವ ಹಳೇ ಜುತ್ತೆಗಳಲ್ಲಿ ಕುಚ್ಚು ಎಷ್ಟೋ ಸಲ ಹೊಸದು. ರೇಷ್ಮೆ ನೂಲು ಕಬ್ಬಿಣದಷ್ಟು ಕಾಲ ಬಾಳುವುದಿಲ್ಲವಲ್ಲ.

ಇದು ಆಯುಧವೋ, ಬಿಲ್ಲೆಯೋ?

ಬಿಲ್ಲೆಯೇ ಅಂತ ನಾನು ಹೇಳುತ್ತೇನೆ. ನಮ್ಮ ಕಡೆ ಕಚೇರಿಯ ಜವಾನರು ಡವಾಲಿ ಹಾಕಿಕೊಂಡು, ಎದೆಯ ಮೇಲೆ ಹಿತ್ತಾಳೆ ಬಿಲ್ಲೆ ಹೊಳೆಸುತ್ತಾ ಬಂದರೆ ಜನ ಸರಿದು ದಾರಿ ಬಿಡುತ್ತಿದ್ದರು. ಬಿಲ್ಲೆಗೆ ಹೆದರಿ ಅಲ್ಲ, ಅದರ ಹಿಂದಿರುವ ಸಾಹೇಬರಿಗೆ ಹೆದರಿ. ಜುತ್ತೆಯದ್ದೂ ಇದೇ ಕಥೆ. ಮೂವತ್ತಕ್ಕಿಂತ ಕಡಿಮೆ ಜನ ಒಂದು ಮಹಾನಗರ ಕಾಯುತ್ತಿದ್ದರು ಅಂದೆನಲ್ಲ. ಅಷ್ಟು ಜನ ಹೊಡೆದಾಡಿ ಊರು ಆಳಲು ಆಗುತ್ತದಾ? ತೋರಿಸಿ ಆಳಬೇಕು.

ದೋಶಿನ್‌ಗಳಿಗೆ ಕೈ ಸಾಲದೆ ‘ಒಕಪ್ಪಿಕಿ’ ಅನ್ನುವವರನ್ನು ಇಟ್ಟುಕೊಳ್ಳುತ್ತಿದ್ದರು. ಬಾತ್ಮೀದಾರ, ಪತ್ತೇದಾರ, ಬಂಟ ಎಲ್ಲ ಸೇರಿದ ಮನುಷ್ಯ. ಸರಕಾರಿ ನೌಕರನಲ್ಲ. ದೋಶಿನ್ ತನ್ನ ಜೇಬಿನಿಂದ ಕೊಡುವ ಪುಡಿಗಾಸೇ ಸಂಬಳ, ಹೊಟ್ಟೆಪಾಡಿಗೆ ಹೆಂಡತಿ ಅಂಗಡಿಯನ್ನೋ ಹೋಟೆಲನ್ನೋ ನಡೆಸಬೇಕು. ಅವರಲ್ಲಿ ಎಷ್ಟೋ ಜನ ಹಿಂದೆ ತಾವೇ ಅಪರಾಧ ಮಾಡಿ ಸಿಕ್ಕಿಬಿದ್ದವರು. ಕಳ್ಳರ ದಾರಿ ಕಳ್ಳನಿಗೇ ಗೊತ್ತು ಅಂತ ಈ ಏರ್ಪಾಡು. ಬಿಲ್ಲೆ ಸಿಕ್ಕ ಮೇಲೆ ಅಂಗಡಿಯವರನ್ನು ಹೆದರಿಸಿ ದುಡ್ಡು ಕೀಳುವವರೂ ಹುಟ್ಟಿಕೊಂಡರು. ಸರಕಾರ ಹಲವು ಸಲ ಈ ಪದ್ಧತಿಯನ್ನು ನಿಷೇಧಿಸಿತು. ಆದರೆ ಅವರಿಲ್ಲದೆ ಕೆಲಸ ಸಾಗುತ್ತಿರಲಿಲ್ಲ, ಮತ್ತೆ ಬಂದರು.

ಇಂಥವರ ಜುತ್ತೆ ಅವರ ಸ್ವಂತದ್ದಲ್ಲ. ಅದಕ್ಕೇ ಜಪಾನಿ ಮಾತಿನಲ್ಲಿ ‘ಜುತ್ತೆಯನ್ನು ವಶಕ್ಕೆ ಪಡೆದವನು’ ಅಂದರೆ ಪೊಲೀಸ್ ಕೆಲಸಕ್ಕೆ ನಿಂತವನು ಅಂತ ಅರ್ಥ. ಸೊಂಟದಲ್ಲಿ ಎಲ್ಲರಿಗೂ ಕಾಣುವಂತೆ ಸಿಕ್ಕಿಸಿಕೊಂಡು ಮೆರೆಯುವ ಒಕಪ್ಪಿಕಿ ಟಿವಿಯವನು. ನಿಜವಾದವನು ಎದೆಯ ಬಳಿ ಬಟ್ಟೆಯೊಳಗೆ ಬಚ್ಚಿಟ್ಟುಕೊಂಡು, ಬೇಕಾದಾಗ ಮಾತ್ರ ತೆಗೆದು ತೋರಿಸುತ್ತಿದ್ದ.

ಜೂಜಿನ ಅಡ್ಡೆ ನಡೆಸುತ್ತಲೇ ಜುತ್ತೆ ಹಿಡಿದವರೂ ಇದ್ದರು. ಅಂಥವರನ್ನು ಕಂಡು ಹುಟ್ಟಿದ ಗಾದೆಮಾತು ‘ಎರಡು ಜೊತೆ ಹುಲ್ಲಿನ ಚಪ್ಪಲಿ ಮೆಟ್ಟುವುದು’. ಇವತ್ತು ಆಫೀಸು ಕೆಲಸದ ಜೊತೆ ಇನ್ನೊಂದು ಕಸುಬು ಮಾಡುವ ಮರ್ಯಾದಸ್ಥರಿಗೂ ಜಪಾನಿನಲ್ಲಿ ಇದೇ ಮಾತು ಬಳಸುತ್ತಾರೆ. ಪಾಪ, ಅದರ ಹುಟ್ಟು ಎಲ್ಲರಿಗೂ ಗೊತ್ತಿರಲಿಕ್ಕಿಲ್ಲ.

ಮೂರು ಮೊನೆಯ ‘ಸಾಯ್’ ಅಂತ ಒಂದಿದೆಯಲ್ಲ, ಅದೂ ಇದೇನಾ?

ಅಲ್ಲ, ನೆಂಟರು. ಸಾಯ್ ಒಕಿನಾವಾ ದ್ವೀಪಗಳದ್ದು. ಎರಡು ಕಡೆ ಕವಲು, ತ್ರಿಶೂಲದ ಹಾಗೆ ಕಾಣುತ್ತದೆ. ಸಾಮಾನ್ಯವಾಗಿ ಎರಡು ಕೈಗೆ ಎರಡು ಹಿಡಿಯುತ್ತಾರೆ. ಜುತ್ತೆಗೆ ಒಂದೇ ಕೊಕ್ಕೆ, ಒಂದೇ ಕೈ. ಇನ್ನೊಂದು ಕೈ ಆಸಾಮಿಯನ್ನು ಹಿಡಿಯಲು ಖಾಲಿ ಬೇಕು.

ಮಿಯಾಮೊತೊ ಮುಸಾಶಿಗೂ ಜುತ್ತೆಗೂ ಏನು ಸಂಬಂಧ?

ಎರಡು ಕತ್ತಿ ಹಿಡಿದು ಹೋರಾಡಿದ ಹೆಸರಾಂತ ಮುಸಾಶಿಯ ತಂದೆಯ ಹೆಸರು ಮುನಿ, ಅವನು ಜುತ್ತೆಯಲ್ಲಿ ಪಳಗಿದವನಾಗಿದ್ದ. ಮುಸಾಶಿಯ ದತ್ತುಮಗ ಇಓರಿ 1654ರಲ್ಲಿ ಕೊಕುರಾದಲ್ಲಿ ನಿಲ್ಲಿಸಿದ ಕಲ್ಲಿನ ಶಾಸನದಲ್ಲಿ ಈ ವಿಷಯ ಇದೆ. ಜುತ್ತೆಯ ಲಾಭ ಒಂದು ಕತ್ತಿಗಿಂತ ಎಷ್ಟೋ ಹೆಚ್ಚು, ಆದರೆ ಅದು ದಿನಾ ಬಳಸುವ ವಸ್ತುವಲ್ಲ, ಎರಡು ಕತ್ತಿಯಾದರೆ ಯಾವಾಗಲೂ ಸೊಂಟದಲ್ಲೇ ಇರುತ್ತವೆ, ಆದ್ದರಿಂದ ಮುಸಾಶಿ ಜುತ್ತೆಯ ತತ್ವವನ್ನು ಎರಡು ಕತ್ತಿಗೆ ತಂದ ಅನ್ನುವುದು ಶಾಸನದ ಸಾರ. ಆ ಮನೆಯ ಜುತ್ತೆಯೂ ನಂತರದ ಪೊಲೀಸರ ಜುತ್ತೆಯೂ ಒಂದೇ ಆಕಾರದ್ದು ಅಂತ ಮಾತ್ರ ಇದರಿಂದ ತೀರ್ಮಾನಿಸಬೇಡಿ.

ನನ್ನ ಮಗ ಕರಾಟೆ ಕ್ಲಾಸಿನಲ್ಲಿ ‘ಜಿತ್ತೆ’ ಕಲಿಯುತ್ತಿದ್ದಾನೆ. ಇದೇನಾ ಅದು?

ಹೆಸರು ಒಂದೇ, ಅಕ್ಷರವೂ ಒಂದೇ. ಬೆಂಗಳೂರು, ಮೈಸೂರು, ಮಂಗಳೂರಿನ ಶೋಟೋಕಾನ್ ಶೈಲಿಯ ಕರಾಟೆ ತರಗತಿಗಳಲ್ಲಿ ಹೇಳಿಕೊಡುವ ಆ ‘ಕಟಾ’, ಅಂದರೆ ಕ್ರಮವಾಗಿ ಜೋಡಿಸಿದ ವರಸೆ, ಒಕಿನಾವಾ ಕಡೆಯದು, ಬರಿಗೈಯಲ್ಲಿ ಮಾಡುವಂಥದ್ದು. ಪೊಲೀಸ್ ಸರಳಿಗೂ ಅದಕ್ಕೂ ನೇರ ನಂಟಿಲ್ಲ. ಮಗನಿಗೆ ಕಬ್ಬಿಣದ ಕಂಬಿ ಕೊಡಿಸಬೇಕಾಗಿಲ್ಲ.

ಜುತ್ತೆ ಯಾವಾಗ ನಿಂತುಹೋಯಿತು?

1868ರಲ್ಲಿ ಶೋಗನ್ ಆಳ್ವಿಕೆ ಬಿತ್ತು, ಮಾಚಿ ಬುಗ್ಯೋ ಕಚೇರಿಗಳೂ ಮುಚ್ಚಿದವು. 1874ರಲ್ಲಿ ಟೋಕಿಯೋಗೆ ಹೊಸ ಪೊಲೀಸ್ ಇಲಾಖೆ ಬಂತು, ಯುರೋಪಿನ ಮಾದರಿಯದ್ದು. 1876ರಲ್ಲಿ ಸಮುರಾಯ್‌ಗಳು ಸೊಂಟಕ್ಕೆ ಕತ್ತಿ ಕಟ್ಟುವುದೇ ನಿಷೇಧವಾಯಿತು. ತಮಾಷೆ ಅಂದರೆ, ಕತ್ತಿ ಕಳಚಿದ ದೇಶದಲ್ಲಿ ಪೊಲೀಸರಿಗೆ ಮಾತ್ರ ಆಮೇಲೆ ಸೇಬರ್ ಕತ್ತಿ ಬಂತು. ಅದು ಹೋಗಿದ್ದು ಎರಡನೇ ಮಹಾಯುದ್ಧ ಮುಗಿದ ಮೇಲೆ.

ನಮ್ಮ ಲಾಠಿಗೂ ಇದಕ್ಕೂ ಹೋಲಿಕೆ ಇದೆಯಾ?

ಎರಡಕ್ಕೂ ಅಲಗಿಲ್ಲ, ಎರಡೂ ಸರಕಾರದ ಗುರುತು, ಅಷ್ಟೇ. ಲಾಠಿ ಉದ್ದ, ಹಗುರ, ಗುಂಪು ಚದುರಿಸಲು ಹೇಳಿ ಮಾಡಿಸಿದ್ದು. ಜುತ್ತೆ ಗಿಡ್ಡ, ಭಾರ, ಒಬ್ಬನನ್ನು ಹಿಡಿಯಲು. ಜುತ್ತೆ ಹಿಡಿದು ಗುಂಪಿನ ಮುಂದೆ ನಿಂತರೆ ಏನೂ ಉಪಯೋಗವಿಲ್ಲ.

ಈಗ ಕಲಿಯಲು ಆಗುತ್ತದಾ? ಎಲ್ಲಿ ನೋಡಬಹುದು?

‘ಶಿಂತೋ ಮುಸೋ ರ್ಯೂ’ ಅನ್ನುವ ಕೋಲು ವರಸೆಯ ಪರಂಪರೆಯೊಳಗೆ ‘ಇಕ್ಕಾಕು ರ್ಯೂ’ ಅಂತ ಜುತ್ತೆಯ ಪಾಠ ಉಳಿದುಕೊಂಡಿದೆ. ಒಂದು ಕೈಯಲ್ಲಿ ಜುತ್ತೆ, ಇನ್ನೊಂದರಲ್ಲಿ ಕಬ್ಬಿಣದ ಬೀಸಣಿಗೆ, ಎದುರಿಗೆ ಕತ್ತಿ ಹಿಡಿದವನು. ಆದರೆ ಹೋದ ದಿನವೇ ಜುತ್ತೆ ಕೈಗೆ ಕೊಡುವುದಿಲ್ಲ. ಮೊದಲು ಕೋಲಿನಲ್ಲಿ ವರ್ಷಗಟ್ಟಲೆ ಬೆವರಬೇಕು.

ನೋಡಬೇಕು ಅಂದರೆ ಟೋಕಿಯೋದ ಮೇಜಿ ವಿಶ್ವವಿದ್ಯಾಲಯದ ವಸ್ತುಸಂಗ್ರಹಾಲಯಕ್ಕೆ ಹೋಗಿ. ಅಲ್ಲಿ ಅಪರಾಧ ಮತ್ತು ಶಿಕ್ಷೆಗೆ ಸಂಬಂಧಪಟ್ಟ ವಸ್ತುಗಳದ್ದೇ ಒಂದು ವಿಭಾಗ ಇದೆ. ಜುತ್ತೆ, ಮೂರು ಉದ್ದ ಕೋಲುಗಳು, ಹಿಂಸೆಯ ಸಲಕರಣೆಗಳು ಎಲ್ಲ ಹತ್ತಿರ ಹತ್ತಿರವೇ ಇವೆ. ಆ ಕಲ್ಲಿನ ಚಪ್ಪಡಿ ನೋಡಿದ ಮೇಲೆ ಜುತ್ತೆಯನ್ನು ಇನ್ನೊಂದು ಸಲ ನೋಡಿ.

ಒಂದು ಕೊಂಡುಕೊಳ್ಳಬೇಕು ಅಂತಿದ್ದೇನೆ. ಏನು ನೋಡಬೇಕು?

ಹಳೆಯದು ಅಂತ ಮಾರುವ ಎಷ್ಟೋ ಜುತ್ತೆಗಳು ನಾಟಕ, ಸಿನಿಮಾಕ್ಕೆ ಮಾಡಿದವು, ಇಲ್ಲವೇ ಪ್ರವಾಸಿಗರಿಗೆ ಎರಕ ಹೊಯ್ದ ನೆನಪಿನ ಕಾಣಿಕೆಗಳು. ಕೊಕ್ಕೆ ಕೂರಿಸಿದ ಜಾಗ ನೋಡಿ. ಬಡಿದು ಕೂರಿಸಿದ ಗುರುತು ಇದೆಯೋ, ಸುಮ್ನೆ ಬೆಸುಗೆ ಮೆತ್ತಿದೆಯೋ? ಎರಕದ ಅಚ್ಚಿನ ಗೆರೆ ಉದ್ದಕ್ಕೂ ಕಂಡರೆ ಹಳೆಯದಲ್ಲ. ತುಕ್ಕು ಎಲ್ಲ ಕಡೆ ಒಂದೇ ಸಮ ಇದ್ದರೆ ಅನುಮಾನ ಪಡಿ. ಕೈ ಆಡಿದ ಕಡೆ ಕಬ್ಬಿಣ ನಯವಾಗಿರಬೇಕು.

ಜಪಾನಿನಲ್ಲಿ ಕೊಂಡರೆ ಮನೆಯಲ್ಲಿ ಇಟ್ಟುಕೊಳ್ಳಿ, ಜೇಬಿಗೆ ಹಾಕಿಕೊಂಡು ಬೀದಿ ಸುತ್ತಬೇಡಿ. ಸರಿಯಾದ ಕಾರಣ ಇಲ್ಲದೆ ಕಬ್ಬಿಣದ ಸರಳನ್ನು ಬಚ್ಚಿಟ್ಟುಕೊಂಡು ಓಡಾಡುವುದು ಅಲ್ಲಿನ ಸಣ್ಣ ಅಪರಾಧಗಳ ಕಾಯ್ದೆಯಲ್ಲಿ ತಪ್ಪು. ಊರಿಗೆ ತರುವಾಗ ವಿಮಾನದ ಕೈಚೀಲದಲ್ಲಿ ಇಡಬೇಡಿ, ದೊಡ್ಡ ಲಗೇಜಿಗೆ ಹಾಕಿ. ಕುಚ್ಚನ್ನು ಬೇರೆ ಕಾಗದದಲ್ಲಿ ಸುತ್ತಿ, ಇಲ್ಲದಿದ್ದರೆ ಮನೆಗೆ ಬರುವಷ್ಟರಲ್ಲಿ ಕಬ್ಬಿಣಕ್ಕೆ ಹಚ್ಚಿದ ಎಣ್ಣೆಯೆಲ್ಲ ಅದಕ್ಕೆ ಹತ್ತಿರುತ್ತದೆ.